ಯಂತ್ರವಿದ್ದರೆ ಸಾಲದು, ಕಣ್ಣೂ ಪಳಗಬೇಕು

ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನಾಗಲಿ, ಕುಷ್ಟಗಿ, ಯಲಬುರ್ಗಾ ಸಂತೆಯ ಚಿಲ್ಲರೆ ವ್ಯಾಪಾರಿಯಾಗಲಿ, ಬಾಯಿಯ ಕ್ಯಾನ್ಸರ್ ಬಂತೆಂದರೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಗಂಟುಮೂಟೆ ಕಟ್ಟುತ್ತಾನೆ. ವಿಕಿರಣ ಚಿಕಿತ್ಸೆಗೆ ಸಾಮಾನ್ಯವಾಗಿ ಆರೇಳು ವಾರ, ವಾರಕ್ಕೆ ಐದು ದಿನ. ಅಷ್ಟು ದಿನದ ಕೂಲಿ ಹೋಯಿತು, ಅಂಗಡಿಗೆ ಬೀಗ ಬಿತ್ತು. ಇಷ್ಟು ತೆತ್ತವನ ಚಿಕಿತ್ಸೆ ಗುರಿ ತಪ್ಪಬಾರದು.

ಗುರಿ ಇಡುವವರು ಯಾರು? ರೋಗಿಯ ಸಿ.ಟಿ. ಸ್ಕ್ಯಾನ್ ತೆಗೆದು, ಪದರ ಪದರದ ಚಿತ್ರದ ಮೇಲೆ ವೈದ್ಯರು ಗಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ. ಆ ಗೆರೆಯನ್ನು ನಂಬಿ ಯಂತ್ರ ಕಿರಣ ಬಿಡುತ್ತದೆ. ಗೆರೆ ಒಳಕ್ಕೆ ಸರಿದರೆ ರೋಗದ ಬೇರು ಉಳಿದೀತು. ಅತಿಯಾಗಿ ಹೊರಕ್ಕೆ ಸರಿದರೆ ಜೊಲ್ಲಿನ ಗ್ರಂಥಿ ಬತ್ತಿ ರೊಟ್ಟಿಯ ತುತ್ತೂ ಗಂಟಲಿಗಿಳಿಯದು. ಮೊದಲ ದಿನದ ತಪ್ಪನ್ನು ತಿದ್ದದಿದ್ದರೆ ಕೊನೆಯ ದಿನದವರೆಗೂ ಅದೇ ತಪ್ಪು.

ಸ್ಕ್ಯಾನ್ ಓದುವುದಕ್ಕೂ ವಿಕಿರಣ ಚಿಕಿತ್ಸೆಗೂ ನಮ್ಮಲ್ಲಿ ಬೇರೆ ಬೇರೆ ಎಂ.ಡಿ. ಪದವಿಗಳಿವೆ. ಗೆರೆ ಎಳೆಯುವ ಕೈಗೆ ಎರಡೂ ವಿದ್ಯೆ ಒಲಿಯಬೇಕು.

ಆದುದರಿಂದ ನಮ್ಮ ಬೇಡಿಕೆ ಇಷ್ಟು: ಕ್ಯಾನ್ಸರ್ ವೈದ್ಯರನ್ನು ಸಂಬಳಸಹಿತ ಕೆಲವು ತಿಂಗಳು ಸ್ಕ್ಯಾನ್ ತಜ್ಞರ ಪಕ್ಕದಲ್ಲಿ ಕೂರಿಸಿ ಸರಕಾರ ಕಲಿಸಲಿ. ಕಠಿಣ ರೋಗಿಗಳ ಗೆರೆಯನ್ನು ಇಬ್ಬರೂ ಕೂಡಿ ನೋಡಲಿ. 2015ರಲ್ಲಿ ಆರಂಭವಾದ ಕೊಪ್ಪಳದ ಸರಕಾರಿ ವೈದ್ಯಕೀಯ ಕಾಲೇಜಿನಿಂದ ಹೊರಬರುವ ನಮ್ಮ ಮಕ್ಕಳಿಗೂ ಈ ತರಬೇತಿಯಲ್ಲಿ ಪಾಲು ಸಿಗಲಿ.

ಯಂತ್ರ ಬಂದಾಗ ಮಂತ್ರಿಗಳು ರಿಬ್ಬನ್ ಕತ್ತರಿಸುತ್ತಾರೆ. ಕಲಿಸುವುದಕ್ಕೆ ರಿಬ್ಬನ್ನಿಲ್ಲ, ಅದಕ್ಕೇ ಹಣವನ್ನು ನಾವು ಕೇಳಿ ಪಡೆಯಬೇಕು. ತೆರಿಗೆ ನಮ್ಮದು, ಹೋಗುವ ಜೀವವೂ ನಮ್ಮದೇ.