ಟೋಪಿ ಹಗುರಾಯಿತು, ತಲೆ?

2025ರಲ್ಲಿ ನಮ್ಮ ರಾಜ್ಯದ ಪೊಲೀಸ್ ಪೇದೆಗಳ ತಲೆಯಿಂದ ಹಳೆಯ ಸ್ಲೋಚ್ ಹ್ಯಾಟ್ ಇಳಿದು ನೀಲಿ ಪೀಕ್ ಕ್ಯಾಪ್ ಏರಿತು. ಒಳ್ಳೆಯದೇ ಆಯಿತು. ಆದರೆ ಟೋಪಿಯ ಕೆಳಗಿನ ತಲೆಯ ಭಾರ ಇಳಿಸುವವರು ಯಾರು?

ಪೊಲೀಸರ ಮಾನಸಿಕ ಒತ್ತಡದ ಮಾತು ಬಂದಾಗಲೆಲ್ಲ ದೊಡ್ಡವರು ಹೇಳುವ ಮದ್ದು ಒಂದೇ: ಯೋಗ, ಧ್ಯಾನ, ಒಂದು ದಿನದ ಶಿಬಿರ. ಯೋಗದ ಬಗ್ಗೆ ನನ್ನ ತಕರಾರಿಲ್ಲ. ಆದರೆ ರಾತ್ರಿಯಿಡೀ ಗಸ್ತು ತಿರುಗಿ ಬಂದವನನ್ನು ಬೆಳಿಗ್ಗೆ ಮೈದಾನಕ್ಕೆ ಕರೆದು 'ದೀರ್ಘವಾಗಿ ಉಸಿರೆಳೆದುಕೊಳ್ಳಿ' ಎನ್ನುವುದು, ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ. ಅವನಿಗೆ ಬೇಕಾದದ್ದು ನಿದ್ದೆ.

ದೇಶದ ಪೊಲೀಸರ ಸ್ಥಿತಿಗತಿ ಕುರಿತು ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ವರದಿ ಪ್ರಕಟಿಸಿದವು. ದಿನಕ್ಕೆ ಸರಾಸರಿ 14 ಗಂಟೆ ದುಡಿಮೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ಬಾಯಿ ಬಿಟ್ಟು ಕೇಳೋಣವೆಂದರೆ, 1966ರ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅವರು ಕಾರ್ಮಿಕ ಸಂಘ ಸೇರುವಂತಿಲ್ಲ. 2016ರ ಜೂನ್‌ನಲ್ಲಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಹೊರಟಾಗ ಮುಂದಾಳಿನ ಮೇಲೆ ರಾಜದ್ರೋಹದ ಮೊಕದ್ದಮೆಯೇ ಬಿತ್ತು!

ಇದರಿಂದ ನಮಗೇನು ಎನ್ನಬೇಡಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಮೇಲಧಿಕಾರಿಯ ಬೈಗುಳ ನುಂಗಿದವನು ಅದನ್ನು ಕಕ್ಕುವುದು ದೂರು ಕೊಡಲು ಠಾಣೆಗೆ ಬಂದ ಹೆಂಗಸಿನ ಮೇಲೆ, ಇಲ್ಲವೇ ಮನೆಯಲ್ಲಿ ಅನ್ನ ಬಡಿಸುವ ಹೆಂಡತಿಯ ಮೇಲೆ. ಅದು ಸರಿಯೆಂದು ನಾನು ಹೇಳುತ್ತಿಲ್ಲ. ಕೈ ಮಾಡಿದವನಿಗೆ ಡ್ಯೂಟಿ ನೆಪವಾಗಕೂಡದು. ಆದರೆ ಬೆಂಕಿ ಹತ್ತಿದ ಜಾಗ ಬಿಟ್ಟು ಹೊಗೆಗೆ ನೀರು ಸುರಿದರೆ ಏನು ಬಂತು?

ಪೊಲೀಸ್ ಕ್ವಾರ್ಟರ್ಸ್‌ನ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರ ಪ್ರಗತಿಪತ್ರಕ್ಕೆ ಬೀಳುವ ಸಹಿ ತಾಯಿಯದೇ. ಊರಿಗೆಲ್ಲ ಗಣೇಶನ ಹಬ್ಬವಾದರೆ ಅವರ ಅಪ್ಪನಿಗೆ ಮೆರವಣಿಗೆಯ ಬಂದೋಬಸ್ತ್. ಇನ್ನು ಪೇದೆ ಹೆಣ್ಣುಮಗಳಾದರಂತೂ ಹೇಳುವುದೇ ಬೇಡ: ಶೌಚಾಲಯವಿಲ್ಲದ ರಸ್ತೆಬದಿಯಲ್ಲಿ ದಿನವಿಡೀ ನಿಂತು ಮನೆಗೆ ಬಂದರೆ, ಒಲೆ ಅವಳಿಗಾಗಿಯೇ ಕಾದಿರುತ್ತದೆ.

ಮನಸ್ಸು ಕುಸಿದರೂ ಇವರು ಡಾಕ್ಟರ ಬಳಿ ಹೋಗಲು ಹೆದರುತ್ತಾರೆ. 'ತಲೆ ಕೆಟ್ಟಿದೆ' ಎಂಬ ಹಣೆಪಟ್ಟಿ ಬಿದ್ದರೆ ಬಡ್ತಿಯೂ ಹೋದೀತು, ಮಗಳಿಗೆ ಗಂಡೂ ಸಿಗಲಿಕ್ಕಿಲ್ಲ ಎಂಬ ಅಂಜಿಕೆ. ಕ್ವಾರ್ಟರ್ಸ್‌ನ ತಾಯಂದಿರೇ, 14416 ಎಂಬ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು. ಹಗಲೂ ರಾತ್ರಿ, ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಬಾರದಿದ್ದರೆ, ಸಾಯುವ ಮಾತು ಬಾಯಿಗೆ ಬಂದರೆ, ತಡಮಾಡಬೇಡಿ.

ಆದರೆ ಫೋನು ಧೈರ್ಯ ಕೊಟ್ಟೀತು, ರಜೆ ಕೊಡಲಾರದು. ರಜೆ ಕೊಡಬೇಕಾದದ್ದು ಸರ್ಕಾರ. ಖಾಲಿ ಹುದ್ದೆ ತುಂಬಲಿ, ಪಾಳಿಗೆ ಮಿತಿ ಇರಲಿ, ವಾರದ ರಜೆಯನ್ನು ಸಾಹೇಬರ ಮರ್ಜಿಗೆ ಬಿಡದೆ ನಿಯಮವಾಗಿಸಲಿ. ಮನಸ್ಸು ಬಿಚ್ಚಿ ಮಾತಾಡಲು ಮೇಲಧಿಕಾರಿಗೆ ವರದಿ ಒಪ್ಪಿಸದ ಸಲಹೆಗಾರರು ಸಿಗಲಿ.

ನಮ್ಮ ಪಾಲಿಗೂ ಒಂದು ಕೆಲಸವಿದೆ. ಊಟ ಮಾಡದ ಮಗುವಿಗೆ 'ಪೊಲೀಸರಿಗೆ ಹಿಡಿದುಕೊಡ್ತೀನಿ' ಎಂದು ಗುಮ್ಮ ತೋರಿಸುವುದನ್ನು ಬಿಡೋಣ. ಪಕ್ಕದ ಬೆಂಚಿನ ಗೆಳೆಯನ ಅಪ್ಪ ಅವನು. ವಾರಕ್ಕೊಂದು ದಿನವಾದರೂ ಅವನು ಮನೆಯಲ್ಲಿ ಕೂತು ಬಿಸಿ ಅನ್ನ ಉಣ್ಣಲಿ ಎಂದು ನಾವು ಹೆಂಗಸರೂ ಗಟ್ಟಿಯಾಗಿ ಕೇಳಬೇಕು. ಕೇಳುವ ಹಕ್ಕು ಅವನಿಗಿಲ್ಲದಿದ್ದರೂ ನಮಗಿದೆ.