ಪರದೆಯ ಹಿಂದಿನ ಭೀಮವ್ವ

ಆನೆಗೊಂದಿಯ ಸುತ್ತ ರಾಮಾಯಣಕ್ಕೆ ಕೈಮಾಡಿ ತೋರಿಸುವಂಥ ವಿಳಾಸಗಳಿವೆ. ಇದು ಹನುಮ ಹುಟ್ಟಿದ ಅಂಜನಾದ್ರಿ, ಇದು ಪಂಪಾ ಸರೋವರ, ಇದು ಶಬರಿ ಕಾದ ಗುಹೆ, ಅದೋ ವಾಲಿಯ ಕೋಟೆ. ಯಾತ್ರಿಕರು ಬಸ್ಸಿಳಿದು ಕಥೆಯನ್ನು ಕಾಲಲ್ಲಿ ತುಳಿದು ನೋಡಿ ಹೋಗುತ್ತಾರೆ. ಈ ಸೀಮೆಯ ಹಳ್ಳಿಗರಿಗೆ ಮಾತ್ರ ಅದೇ ಕಥೆ ಮುಟ್ಟಿದ್ದು ಬಹುಮಟ್ಟಿಗೆ ರಾತ್ರಿ ಹೊತ್ತು, ದೀಪದ ಮುಂದೆ ಬಿಗಿದ ಬಿಳಿ ಬಟ್ಟೆಯ ಮೇಲೆ. ಆ ಬಟ್ಟೆಯ ಹಿಂದೆ ಕೂತು ಎಪ್ಪತ್ತು ವರ್ಷಕ್ಕೂ ಮೇಲೆ ಹಾಡಿದ, ಗೊಂಬೆ ಕುಣಿಸಿದ ಒಬ್ಬ ಅಜ್ಜಿ ಕೊಪ್ಪಳ ತಾಲ್ಲೂಕಿನ ಮೋರನಾಳದವರು: ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ಪತ್ರಿಕೆಗಳಲ್ಲಿ ಅವರ ಮುಖ ನೋಡಿದ ಎಷ್ಟೋ ಮಂದಿ ಅದಕ್ಕೂ ಮೊದಲು ಅವರ ಆಟ ಕಂಡವರೇ ಇರಬಹುದು. ಮುಖ ಕಂಡಿರಲಿಲ್ಲ, ಅಷ್ಟೇ.

ತೊಗಲುಗೊಂಬೆಯವರ ನಟನೆಯ ವಿಚಿತ್ರವೇ ಇದು. ನಟನಿಗೆ ಮುಖ ಬೇಕು ಎಂಬುದನ್ನು ಸಿನಿಮಾ, ಟೀವಿ ನಮಗೆ ಪಕ್ಕಾ ಮಾಡಿಬಿಟ್ಟಿವೆ. ಇಲ್ಲಿ ಆಡುವವರ ಮುಖಕ್ಕೆ ಬೆಲೆಯೇ ಇಲ್ಲ. ಮೇಕೆಯ, ಹಿಂದೆ ಜಿಂಕೆಯ, ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಕೊರೆದು, ಬಣ್ಣ ಹಚ್ಚಿದ ಗೊಂಬೆಗೆ ಕೊರಳು ಕೊಡಬೇಕು. ಒಂದೇ ಗಂಟಲು ಸೀತೆಯಾಗಿ ಅತ್ತು, ಮರುಗಳಿಗೆಗೆ ಕಾವಲಿನ ರಕ್ಕಸಿಯಾಗಿ ಗದರಬೇಕು. ಯುದ್ಧ ಬಂತೆಂದರೆ ಕಾಲೂ ಸುಮ್ಮನಿರುವಂತಿಲ್ಲ, ಗೆಜ್ಜೆ ಹಾಕಿ ಕುಟ್ಟಬೇಕು. ನಡುನಡುವೆ ನಗೆಗೊಂಬೆಗಳಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ನುಗ್ಗಿ, ದೊಡ್ಡವರು ಬಾಯಿಬಿಟ್ಟು ಹೇಳದ ಪೋಲಿ ಮಾತನ್ನೆಲ್ಲ ಹೇಳಿ ನಿದ್ದೆಗಣ್ಣವರನ್ನು ಎಬ್ಬಿಸುತ್ತಾರೆ. (ರಾಮಾಯಣದ ಭಕ್ತಿಯನ್ನಷ್ಟೇ ಹೊಗಳುವವರು ಈ ಭಾಗವನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ. ನನಗೆ ಆಟದ ಜೀವ ಅಲ್ಲೇ ಇದೆ ಅನ್ನಿಸುತ್ತದೆ.) ಮನೆಯಲ್ಲಿ ಮರಾಠಿ ಬೆರೆತ ಮಾತಾಡುವ ಈ ಗೊಂಬೆಯಾಟದ ಜನ, ಪರದೆ ಕಟ್ಟಿದ ಕೂಡಲೇ ತಪ್ಪಿಲ್ಲದ ಹಳ್ಳಿಗನ್ನಡಕ್ಕೆ ಹೊರಳುತ್ತಾರೆ. ಮಳೆ ಹಿಂದೆಗೆದಾಗ ಕರೆಸಿ ಆಡಿಸುತ್ತಿದ್ದ ಊರುಗಳೇ, ಮಳೆ ಬಂದ ಮೇಲೆ ಅವರನ್ನು ಕೆರೆಯಲ್ಲಿ ಮೀನು ಹಿಡಿಯುವವರೆಂದು ದೂರವಿಟ್ಟದ್ದೂ ಉಂಟು.

ಬ್ರಿಟನ್ನಿನ ಆನೆಟ್ ಮಿಲ್ಸ್ ಎಂಬ ಹಾಡುಗಾರ್ತಿ ಇಲ್ಲಿ ನೆನಪಾಗುತ್ತಾರೆ. 1946ರಿಂದ ಬಿಬಿಸಿ ಟೀವಿಯಲ್ಲಿ ಆಕೆ ಪಿಯಾನೊ ನುಡಿಸುತ್ತ ಹಾಡಿದರೆ, ಪಿಯಾನೊದ ಮೇಲೆ ಮಫಿನ್ ಎಂಬ ಹೇಸರಗತ್ತೆಯ ಗೊಂಬೆ ಕುಣಿಯುತ್ತಿತ್ತು. ದಾರ ಎಳೆಯುತ್ತಿದ್ದವರು ಆ್ಯನ್ ಹೊಗಾರ್ತ್; ಅವರು ಅಡ್ಡಪರದೆಯ ಹಿಂದೆ. ಹಾಡಿದವರು ಮನೆಮಾತಾದರು, ಆಡಿಸಿದವರು ಕಾಣಲಿಲ್ಲ. ಮೋರನಾಳದಲ್ಲಿ ಆ ಇಬ್ಬರ ಕೆಲಸವೂ ಒಬ್ಬರದೇ. ಅಂದಿನ ಟೀವಿ ನೇರಪ್ರಸಾರವಾದ್ದರಿಂದ ಮೊದಮೊದಲ ಮಫಿನ್ ಕುಣಿತಗಳು ಬಹುಪಾಲು ದಾಖಲಾಗದೆ, ನಮ್ಮ ಆಟಗಳಂತೆಯೇ ಆ ಹೊತ್ತಿಗೇ ಮುಗಿದವು. ಆದರೂ ಅಲ್ಲಿ ಇಂಥ ವರ್ಷ, ಇಂಥ ಕಾರ್ಯಕ್ರಮ ಎಂಬ ಪಟ್ಟಿ ಉಳಿಯಿತು. ಕತ್ತೆ ಮಕ್ಕಳ ಆಟಿಕೆಯಾಗಿ ಅಂಗಡಿಗೂ ಬಂತು. ಆನೆಟ್ 1955ರಲ್ಲಿ ತೀರಿಕೊಂಡರು.

ಭೀಮವ್ವನ ವೃತ್ತಿಬದುಕಿಗೆ ಅಂಥ ಪಟ್ಟಿ ಬರೆಯುವುದು ಹೇಗೆ? ಅಮೆರಿಕ, ಫ್ರಾನ್ಸ್, ಇಟಲಿ, ಇರಾನ್ ಎಂದು ದೇಶಗಳ ಹೆಸರು ಎಲ್ಲ ವರದಿಗಳಲ್ಲೂ ಬಂದವು. ಯಲಬುರ್ಗಾದ ಯಾವ ಹಳ್ಳಿಯ ಗುಡಿಯ ಮುಂದೆ, ಎಷ್ಟು ಕಾಳುಕಡಿಗೆ, ಯಾವ ಪರ್ವ ಆಡಿದರೆಂಬುದನ್ನು ಬರೆದಿಟ್ಟವರಿಲ್ಲ. ನನ್ನ ಮಟ್ಟಿಗೆ ಅವರ ನಿಜವಾದ ಸಾಧನೆ ಆ ಬರೆಯದ ಪಟ್ಟಿಯಲ್ಲೇ ಇದೆ. ವಿದೇಶದ ಸಭಿಕರು ಗೊಂಬೆಯ ಅಂದಕ್ಕೆ ಮರುಳಾಗುತ್ತಾರೆ. ಮಾತು ಅವರಿಗೆ ತಿಳಿಯದು. ಕಥೆ ಬಾಯಿಪಾಠವಿರುವ, ಒಂದು ಸಾಲು ತಪ್ಪಿದರೂ ಕೂಗಿ ಹೇಳುವ ಹಳ್ಳಿಗರನ್ನು ಬೆಳಗಿನ ಜಾವದವರೆಗೆ ಕೂರಿಸುವುದು ಕಷ್ಟದ ಕೆಲಸ.

ಚರ್ಮವಂತೂ ಉಳಿಯುತ್ತದೆ. ಎಂ.ಎಸ್. ನಂಜುಂಡರಾವ್ ಹಳ್ಳಿಹಳ್ಳಿ ತಿರುಗಿ ಕಲೆಹಾಕಿದ ಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಬಡತನಕ್ಕೆ ಮಾರಿದ ಎಷ್ಟೋ ಗೊಂಬೆಗಳು ಸಂಗ್ರಾಹಕರ ಗೋಡೆ ಸೇರಿವೆ. ಆಡಿಸಲಾಗದಷ್ಟು ಹಳತಾದ ಗೊಂಬೆಯನ್ನು ಹೊಳೆಗೆ ಬಿಡುವ ಪದ್ಧತಿ ಈ ಕಲಾವಿದರಲ್ಲಿತ್ತು. ಗಾಜಿನ ಪೆಟ್ಟಿಗೆಗಿಂತ ಅದೇ ಮರ್ಯಾದೆಯದೆಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಅಂಜನಾದ್ರಿಗೆ ರೋಪ್‌ವೇ ಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಬರಲಿ, ಮಂಡಿನೋವಿನವರಿಗೆ ಅನುಕೂಲ. ಬೆಟ್ಟದ ಬುಡದಲ್ಲಿ ಪರದೆ ಕಟ್ಟಲು ಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ: ನಾಲ್ಕು ಗಳ, ಒಂದು ಬಿಳಿ ಧೋತರ, ಒಂದು ದೀಪ. ಗಣ್ಯರ ಭಾಷಣದ ನಡುವೆ ತುರುಕುವ ಮುಕ್ಕಾಲು ಗಂಟೆಯ ತುಣುಕು ಬೇಡ. ಇಡೀ ರಾತ್ರಿಯ ಸುಂದರಕಾಂಡ, ಕಿಳ್ಳೇಕ್ಯಾತನ ಸಮೇತ, ನ್ಯಾಯವಾದ ಸಂಭಾವನೆಯೊಡನೆ. ಆಡುವವರಿಗಾಗಿ ದೂರ ಹುಡುಕಬೇಕಿಲ್ಲ, ಭೀಮವ್ವನ ಮನೆತನದವರು ಇದೇ ಜಿಲ್ಲೆಯಲ್ಲಿದ್ದಾರೆ.