ಸರ್ವರ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ

ಜಿಲ್ಲಾ ಕೇಂದ್ರದ ಸಹಕಾರ ಬ್ಯಾಂಕಿರಲಿ, ಐವತ್ತು ಹಾಸಿಗೆಯ ನರ್ಸಿಂಗ್ ಹೋಂ ಇರಲಿ, ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆಯಿರಲಿ, ಸರ್ವರ್ ಕೊಳ್ಳುವ ಬಗೆ ಹೆಚ್ಚುಕಡಿಮೆ ಒಂದೇ. ಮೂರು ಕೊಟೇಶನ್ ತರಿಸುತ್ತಾರೆ. ಎಷ್ಟು ಕೋರ್, ಎಷ್ಟು ಜಿಬಿ ಮೆಮೊರಿ, ಎಷ್ಟು ಟಿಬಿ ಡಿಸ್ಕ್ ಎಂದು ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಕೊನೆಗೆ ಕಡಿಮೆ ದರ ಹಾಕಿದವರಿಗೆ ಆರ್ಡರ್ ಹೋಗುತ್ತದೆ. ಈ ಲೆಕ್ಕದಲ್ಲಿ ಮುಖ್ಯವಾದ ಪ್ರಶ್ನೆಯೇ ಬಿಟ್ಟುಹೋಗುತ್ತದೆ: ಒಳಗಿನ ಒಂದು ಭಾಗ ಕೆಟ್ಟ ದಿನ ನಮ್ಮ ಕೆಲಸ ಸಾಗುತ್ತದೆಯೇ, ನಿಲ್ಲುತ್ತದೆಯೇ? ನಿಂತರೆ ಎಷ್ಟು ಹೊತ್ತು? ಮೇಜಿನ ಮೇಲಿನ ಕಂಪ್ಯೂಟರ್‌ಗಿಂತ ಹಲವು ಪಟ್ಟು ಹೆಚ್ಚು ಹಣ ಕೊಟ್ಟು ಸರ್ವರ್ ತರುವುದೇ ಈ ಪ್ರಶ್ನೆಗೆ ಉತ್ತರವಾಗಲಿ ಎಂದು. ಆದ್ದರಿಂದ ಅದರ ಯೋಗ್ಯತೆಯನ್ನೂ ಇದೇ ಪ್ರಶ್ನೆಯಿಂದ ಅಳೆಯಬೇಕು.

ಯಂತ್ರ ಕೆಡುವುದು ಅಪರೂಪದ ಸಂಗತಿಯಲ್ಲ. ಗೂಗಲ್ ಸಂಸ್ಥೆಯ ಸಾವಿರಾರು ಸರ್ವರ್‌ಗಳನ್ನು ಟೊರಾಂಟೊ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವರ್ಷವೊಂದರಲ್ಲಿ ಸುಮಾರು ಮೂರನೇ ಒಂದರಷ್ಟು ಯಂತ್ರಗಳಲ್ಲಿ ಒಮ್ಮೆಯಾದರೂ ಮೆಮೊರಿ ದೋಷ ಕಾಣಿಸಿಕೊಂಡಿತ್ತು. ಇಸಿಸಿ ಮೆಮೊರಿ ಇದ್ದುದರಿಂದಲೇ ಅವು ಪತ್ತೆಯಾದವು. ಒಂದು ಬಿಟ್ ತಪ್ಪಿದರೆ ಅದು ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ಎಚ್ಚರಿಸುತ್ತದೆ. ಸಾದಾ ಮೆಮೊರಿಯಲ್ಲಿ ಅದೇ ತಪ್ಪು ಯಾರ ಕಣ್ಣಿಗೂ ಬೀಳದೆ ಗ್ರಾಹಕರ ಖಾತೆಗೋ ರೋಗಿಯ ವರದಿಗೋ ಸೇರಿಬಿಡಬಹುದು. ಕೊಟೇಶನ್‌ನಲ್ಲಿ ಎರಡೂ ‘64 ಜಿಬಿ’ ಎಂದೇ ಕಾಣುತ್ತವೆ.

ದೊಡ್ಡ ಹೆಸರಿನ ಕಂಪನಿಯದನ್ನು ಕೊಂಡರೆ ಸಾಕು ಎನ್ನುವವರು ಇನ್ನೊಂದು ಪ್ರಕರಣವನ್ನು ನೋಡಬೇಕು. 2019ರ ನವೆಂಬರ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತನ್ನ ಕೆಲವು ಮಾದರಿಯ ಎಸ್‌ಎಸ್‌ಡಿಗಳಿಗೆ ತುರ್ತಾಗಿ ಹೊಸ ಫರ್ಮ್‌ವೇರ್ ಬಿಡುಗಡೆ ಮಾಡಿತು. ಅದನ್ನು ಹಾಕಿಕೊಳ್ಳದಿದ್ದರೆ 32,768 ಗಂಟೆ, ಅಂದರೆ ಸುಮಾರು ಮೂರು ವರ್ಷ ಒಂಬತ್ತು ತಿಂಗಳು ಓಡಿದ ಮೇಲೆ ಡ್ರೈವ್ ನಿಂತುಹೋಗುತ್ತಿತ್ತು, ಅದರಲ್ಲಿದ್ದ ಮಾಹಿತಿಯೂ ಮರಳಿ ಸಿಗುತ್ತಿರಲಿಲ್ಲ. ಒಂದೇ ದಿನ ಚಾಲೂ ಮಾಡಿದ ಡ್ರೈವ್‌ಗಳು ಆ ಗಂಟೆಯನ್ನು ಬಹುತೇಕ ಒಟ್ಟಿಗೇ ಮುಟ್ಟುತ್ತವೆ. ಒಂದು ಹೋದರೆ ಇನ್ನೊಂದಿದೆ ಎಂಬ ರೇಡ್ ವ್ಯವಸ್ಥೆಯ ಭರವಸೆ ಅಲ್ಲಿ ಕೆಲಸಕ್ಕೆ ಬಾರದು. ಕಂಪನಿ ದೋಷವನ್ನು ಬಹಿರಂಗವಾಗಿ ಹೇಳಿ ಪರಿಹಾರ ಕೊಟ್ಟದ್ದು ಮೆಚ್ಚತಕ್ಕದ್ದೇ. ಆದರೆ ಆ ಪ್ರಕಟಣೆ ಓದಿ ಫರ್ಮ್‌ವೇರ್ ಹಾಕುವವರು ನಮ್ಮಲ್ಲಿ ಯಾರು? ಮಾರಿದ ಡೀಲರೇ, ಎಎಂಸಿ ಪಡೆದವರೇ, ನಮ್ಮದೇ ಸಿಬ್ಬಂದಿಯೇ? ಖರೀದಿಗೆ ಮುಂಚೆಯೇ ಇದು ಕಾಗದದ ಮೇಲೆ ಬರಬೇಕು.

ವಾರಂಟಿಯನ್ನೂ ಹೀಗೆಯೇ ಓದಬೇಕು. ‘ನಾಲ್ಕು ಗಂಟೆಯಲ್ಲಿ ಸ್ಪಂದನೆ’ ಎಂಬ ಸಾಲಿಗೆ ನಾಲ್ಕು ಗಂಟೆಯಲ್ಲಿ ದುರಸ್ತಿ ಎಂಬ ಅರ್ಥವಿಲ್ಲ. ಬೆಂಗಳೂರಿನಲ್ಲಿ ಸಂಜೆಯೊಳಗೆ ಸಿಗುವ ಪವರ್ ಸಪ್ಲೈ ಯಾದಗಿರಿಗೋ ಕಾರವಾರಕ್ಕೋ ಎಷ್ಟು ಹೊತ್ತಿಗೆ ತಲುಪುತ್ತದೆ, ಬಿಡಿಭಾಗದ ದಾಸ್ತಾನು ಯಾವ ಊರಿನಲ್ಲಿದೆ, ಐದನೇ ವರ್ಷದಲ್ಲೂ ಅದು ಸಿಗುತ್ತದೆಯೇ ಎಂದು ಕೇಳದೆ ಸಹಿ ಹಾಕಬಾರದು.

ಇದೆಲ್ಲ ದುಡ್ಡಿರುವವರ ಮಾತು, ಸಣ್ಣ ಸಂಸ್ಥೆಗೆ ಹೊರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಹಣ ಈಗಲೂ ಖರ್ಚಾಗುತ್ತಿದೆ, ಬೇಕಾದ ಕಡೆ ಆಗುತ್ತಿಲ್ಲ. ಬೇಡದ ಕೋರ್‌ಗಳಿಗೆ ಎರಡು ಸಲ ದುಡ್ಡು ಕೊಡುತ್ತೇವೆ: 2016ರ ಆವೃತ್ತಿಯಿಂದ ವಿಂಡೋಸ್ ಸರ್ವರ್ ಪರವಾನಗಿ ಕೋರ್ ಲೆಕ್ಕದಲ್ಲೇ ಇದೆ, ಯಂತ್ರವೊಂದಕ್ಕೆ ಕನಿಷ್ಠ 16 ಕೋರ್. ಅದಕ್ಕಿಂತ ಮೇಲಿನ ಪ್ರತಿ ಕೋರ್‌ಗೂ ಶುಲ್ಕ ಬೇರೆ. ಇನ್ನು ಕರೆಂಟ್ ಬಿಲ್. ಹಗಲೂ ರಾತ್ರಿ 400 ವ್ಯಾಟ್ ಎಳೆಯುವ ಯಂತ್ರ ವರ್ಷಕ್ಕೆ 3,504 ಯೂನಿಟ್ ಉರಿಸುತ್ತದೆ. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ಐದು ವರ್ಷಕ್ಕೆ 1.40 ಲಕ್ಷ ರೂಪಾಯಿ, ಎಸಿಯ ಖರ್ಚು ಇದರಲ್ಲಿ ಸೇರಿಲ್ಲ. ಕೋರ್ ಕಡಿಮೆ ಮಾಡಿ, ಉಳಿದದ್ದನ್ನು ಎರಡನೇ ಪವರ್ ಸಪ್ಲೈ, ಇಸಿಸಿ ಮೆಮೊರಿ, ಬೇರೆ ಕಟ್ಟಡದಲ್ಲಿಡುವ ಬ್ಯಾಕಪ್‌ಗೆ ಹಾಕಿದರೆ ಒಟ್ಟು ಮೊತ್ತ ಹೆಚ್ಚಬೇಕಾಗಿಲ್ಲ. ಎಷ್ಟು ಕೋರ್ ಸಾಕು ಎಂಬುದನ್ನು ಮಾರ್ಚ್ 31ರ ರಾತ್ರಿ ಬಡ್ಡಿ ಲೆಕ್ಕ ಹಾಕುವಂಥ ನಮ್ಮದೇ ಅತಿ ಭಾರದ ಕೆಲಸವನ್ನು ಓಡಿಸಿ ತಿಳಿಯಬೇಕು. ಕಂಪನಿಯ ಜಾಹೀರಾತಿನ ಅಂಕಗಳಿಂದ ಅದು ತಿಳಿಯುವುದಿಲ್ಲ.

ಕಡಿಮೆ ದರದವರಿಗೇ ಕೊಡಬೇಕೆಂಬ ನಿಯಮ ಸರ್ಕಾರಿ ಸಂಸ್ಥೆಗಳ ಕೈ ಕಟ್ಟಿದೆ ಎನ್ನುವುದೂ ಪೂರ್ತಿ ಸರಿಯಲ್ಲ. ದರದ ಹೋಲಿಕೆ ನಡೆಯುವುದು ತಾಂತ್ರಿಕ ಷರತ್ತು ಪೂರೈಸಿದವರ ನಡುವೆ. ಆ ಷರತ್ತುಗಳನ್ನು ಬರೆಯುವವರು ನಾವೇ.

ಕ್ಲೌಡ್ ಇರುವಾಗ ಪೆಟ್ಟಿಗೆ ಕೊಳ್ಳುವುದೇಕೆ ಎಂಬ ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ಕೆಲಸದ ಪ್ರಮಾಣ ಏರಿಳಿಯುವವರಿಗೆ, ಯಂತ್ರ ನೋಡಿಕೊಳ್ಳುವವರೇ ಇಲ್ಲದ ಕಡೆಗೆ ಕ್ಲೌಡ್ ಒಳ್ಳೆಯದೇ. ಆದರೆ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬೇರೆಡೆ ಬ್ಯಾಕಪ್ ಇಡದಿದ್ದ ಗ್ರಾಹಕರು ಮಾಹಿತಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಯಂತ್ರ ನಮ್ಮ ಕೋಣೆಯಲ್ಲಿರಲಿ, ಬಾಡಿಗೆಯದಾಗಿರಲಿ, ಕೇಳಬೇಕಾದ ಪ್ರಶ್ನೆ ಬದಲಾಗುವುದಿಲ್ಲ.

ಖರೀದಿ ಆದೇಶಕ್ಕೆ ಸಹಿ ಹಾಕುವ ಅಧ್ಯಕ್ಷರು, ಕಾರ್ಯದರ್ಶಿಗಳು, ಮಾಲೀಕರಲ್ಲಿ ಒಂದು ಕೋರಿಕೆ. ಕೊನೆಯ ಕಂತಿನ ಹಣ ಕೊಡುವ ಮುನ್ನ ಮೂರು ಪರೀಕ್ಷೆ ನಡೆಯಬೇಕೆಂದು ಆದೇಶದಲ್ಲೇ ಬರೆಯಿರಿ. ಓಡುತ್ತಿರುವ ಸರ್ವರ್‌ನಿಂದ ಒಂದು ಡಿಸ್ಕ್ ಹೊರಗೆಳೆಯಬೇಕು, ಒಂದು ಪವರ್ ಕೇಬಲ್ ಕೀಳಬೇಕು, ಹಿಂದಿನ ದಿನದ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಮರಳಿ ತಂದು ಎಷ್ಟು ಹೊತ್ತು ಹಿಡಿಯಿತೆಂದು ದಾಖಲಿಸಬೇಕು. ಇದಕ್ಕೆ ಒಪ್ಪದವರ ಕೊಟೇಶನ್ ಎಷ್ಟೇ ಅಗ್ಗವಿದ್ದರೂ ಪಕ್ಕಕ್ಕಿಡಿ.